ಪುಟ್ಟ ಮಕ್ಕಳೊಂದಿಗೆ ವಿಮಾನ ಪ್ರಯಾಣ: ದುಆದ ಜೊತೆ ತಯಾರಿಯೂ ಇರಲಿ

ಪ್ರಯಾಣದ ಅದಬ್‌ಗಳ ಬಗ್ಗೆ ಜುಮಾ ಖುತ್ಬಾದಲ್ಲಿ ಮಾತನಾಡಿದ ದಿನ, ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದರು. “ಉಸ್ತಾದ್, ಮಗಳು ಎರಡು ಮಕ್ಕಳನ್ನು ಕರೆದುಕೊಂಡು ಗಂಡನ ಬಳಿಗೆ ದಮಾಮ್‌ಗೆ ಹೊರಟಿದ್ದಾಳೆ. ಚಿಕ್ಕದು ಇನ್ನೂ ಎದೆಹಾಲು ಕುಡಿಯುವ ಮಗು. ದುಆ ಮಾಡಬೇಕು” ಎಂದರು. ದುಆ ಮಾಡಿದೆವು. ತಯಾರಿ ಹೇಗಿದೆ ಎಂದು ಕೇಳಿದಾಗ, “ಟಿಕೆಟ್ ಆಗಿದೆ, ಅಣ್ಣ ಜೊತೆಗಿದ್ದಾನೆ” ಎಂಬುದಷ್ಟೇ ಉತ್ತರ.

ಒಂಟೆಯನ್ನು ಕಟ್ಟಿಹಾಕಿ, ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದು ತಿರ್ಮಿದಿಯಲ್ಲಿದೆ. ಮಗು ನಮ್ಮ ಕೈಯಲ್ಲಿರುವ ಅಮಾನತ್. ಅದರ ಪ್ರಯಾಣದ ತಯಾರಿ ತಾಯಿಯೊಬ್ಬಳ ಹೊಣೆಯಲ್ಲ, ಇಡೀ ಮನೆಯ ಹೊಣೆ.

ಮೊದಲು ದಾಖಲೆಗಳು. ಹುಟ್ಟಿದ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟ್, ವೀಸಾ ಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ 5 ವರ್ಷ ಮಾತ್ರ ಅವಧಿ. ಹೊರಡುವ ಮುನ್ನ ದಿನಾಂಕ ನೋಡಿಕೊಳ್ಳಿ. 2 ವರ್ಷ ತುಂಬದ ಮಗು ಮಡಿಲಲ್ಲಿ ಕುಳಿತು ಪ್ರಯಾಣಿಸಬಹುದು. ಅಲ್ಲಿರುವಾಗಲೇ 2 ತುಂಬಿದರೆ ಮರಳುವಾಗ ಸೀಟು ಬೇಕು. ಬ್ಯಾಸಿನೆಟ್ ಎಂಬ ಪುಟ್ಟ ತೊಟ್ಟಿಲು ಎಲ್ಲ ವಿಮಾನಗಳಲ್ಲಿ ಇರುವುದಿಲ್ಲ. ಟಿಕೆಟ್ ಮಾಡುವಾಗಲೇ ಕೇಳಿ.

ನಂತರ ಕೈಚೀಲ. ಹಾರಾಟ ನಾಲ್ಕು ಗಂಟೆಯದೇ ಇರಬಹುದು. ಆದರೆ ಮನೆಯಿಂದ ಹೊರಟು, 3 ಗಂಟೆ ಮೊದಲೇ ನಿಲ್ದಾಣ ಸೇರಿ, ಅಲ್ಲಿ ಇಮಿಗ್ರೇಷನ್ ಸಾಲು ದಾಟುವಾಗ ಹತ್ತು ಗಂಟೆ ದಾಟಿರುತ್ತದೆ. ಡೈಪರ್, ಬಟ್ಟೆ, ಆಹಾರವನ್ನು ಆ ಲೆಕ್ಕದಲ್ಲೇ ಇಡಿ. ತಾಯಿಗೂ ಒಂದು ಜೊತೆ ಬಟ್ಟೆ ಇರಲಿ. ದ್ರವಗಳಿಗೆ 100 ಮಿಲಿಯ ಮಿತಿಯಿದ್ದರೂ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಇದೆ. ತಪಾಸಣೆಯಲ್ಲಿ ತೆಗೆದು ತೋರಿಸಿ. ಔಷಧದ ಜೊತೆ ವೈದ್ಯರ ಚೀಟಿ ಇರಲಿ. ಯಾರೋ ಕೊಟ್ಟ ಪಾರ್ಸೆಲನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ನಮ್ಮ ಅಡುಗೆಮನೆಯ ಗಸಗಸೆ ಸೌದಿ ಮತ್ತು ಯುಎಇಯಲ್ಲಿ ನಿಷಿದ್ಧ ವಸ್ತು.

ವಿಮಾನ ಏರುವಾಗ, ಅದಕ್ಕಿಂತಲೂ ಇಳಿಯುವಾಗ, ಗಾಳಿಯ ಒತ್ತಡ ಬದಲಾಗಿ ಕಿವಿ ನೋಯುತ್ತದೆ. ದೊಡ್ಡವರು ಉಗುಳು ನುಂಗಿ ಸರಿಪಡಿಸಿಕೊಳ್ಳುತ್ತಾರೆ, ಮಗುವಿಗೆ ಅದು ತಿಳಿಯದು. ಹಾಲು ಕುಡಿಸಿದರೆ, ನುಂಗುವಾಗ ಕಿವಿ ತೆರೆದುಕೊಳ್ಳುತ್ತದೆ. ನಿಲ್ದಾಣಕ್ಕೆ ಸುಮಾರು ಅರ್ಧ ಗಂಟೆ ಇರುವಾಗಲೇ ವಿಮಾನ ಕೆಳಗಿಳಿಯತೊಡಗುತ್ತದೆ. ಆ ಹೊತ್ತಿಗೆ ಮಗುವನ್ನು ಎಬ್ಬಿಸಿ ಕುಡಿಸಿ. ಶೀತ, ಕಿವಿನೋವು ಇದ್ದರೆ ಮೊದಲೇ ವೈದ್ಯರಿಗೆ ತೋರಿಸಿ. ಮಗು ಮಲಗಲಿ ಎಂದು ನಿಮ್ಮಷ್ಟಕ್ಕೆ ನೀವೇ ಶೀತದ ಸಿರಪ್ ಕುಡಿಸಬೇಡಿ, ಅದು ಅಪಾಯ. ನಿಮ್ಮ ಬೆಲ್ಟಿನೊಳಗೇ ಮಗುವನ್ನು ಸೇರಿಸಿ ಕಟ್ಟಬೇಡಿ. ಸಿಬ್ಬಂದಿಯಿಂದ ಮಗುವಿನ ಬೆಲ್ಟ್ ಕೇಳಿ ಪಡೆಯಿರಿ.

ನಮಾಝಿನ ವಿಷಯದಲ್ಲೂ ಅಲ್ಲಾಹನು ಪ್ರಯಾಣಿಕರಿಗೆ ಸೌಲಭ್ಯ ಕೊಟ್ಟಿದ್ದಾನೆ. ಶಾಫಿಈ ಮದ್‌ಹಬ್ ಪ್ರಕಾರ ಷರತ್ತುಗಳಿಗೆ ಒಳಪಟ್ಟು ಝುಹರ್-ಅಸರ್, ಮಗ್ರಿಬ್-ಇಶಾ ಜಮ್ಅ್ ಮಾಡಬಹುದು. ತಾಯಿ ನಮಾಝ್ ಮಾಡುವಾಗ ಮಗುವನ್ನು ಎತ್ತಿಕೊಳ್ಳುವವರು ಯಾರು? ಮಹ್ರಮ್ ಜೊತೆಗಿರುವುದೆಂದರೆ ಪಕ್ಕದ ಸೀಟಿನಲ್ಲಿ ಮೊಬೈಲ್ ಹಿಡಿದು ಕೂರುವುದಲ್ಲ. ಡೈಪರ್ ಬದಲಿಸುವುದನ್ನು ಅಣ್ಣನೂ ಮನೆಯಲ್ಲೇ ಕಲಿತು ಹೊರಡಲಿ.

ಇನ್ನು ಸಹಪ್ರಯಾಣಿಕರ ಮಾತು. ಒಮ್ಮೆ ಉಮ್ರಾದಿಂದ ಮರಳುವಾಗ ಹಿಂದಿನ ಸೀಟಿನ ಮಗು ಬಹಳ ಹೊತ್ತು ಅತ್ತಿತು. ನಿದ್ದೆ ಕೆಟ್ಟ ಸಿಟ್ಟಿನಲ್ಲಿ ನಾವು ತಿರುಗಿ ನೋಡಿದೆವು. ಬಾಯಲ್ಲಿ ಏನೂ ಹೇಳಲಿಲ್ಲ. ಆದರೆ ಆ ತಾಯಿ ತಲೆ ತಗ್ಗಿಸಿ, ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು. ನಮ್ಮ ನೋಟವೇ ಅವಳಿಗೆ ಏಟಾಗಿತ್ತು. ನಮ್ಮ ಜೊತೆಗಿದ್ದ ವೃದ್ಧೆಯೊಬ್ಬರು ಎದ್ದು ಹೋಗಿ, “ಕೊಡು ಮಗಳೇ” ಎಂದು ಮಗುವನ್ನು ಎತ್ತಿಕೊಂಡರು. ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗಬಾರದೆಂದು ಪ್ರವಾದಿ(ಸ) ನಮಾಝನ್ನೇ ಚಿಕ್ಕದಾಗಿಸುತ್ತಿದ್ದರೆಂಬ ಬುಖಾರಿ, ಮುಸ್ಲಿಮ್‌ಗಳ ಹದೀಸನ್ನು ನಾವು ಎಷ್ಟೋ ಸಲ ಮಿಂಬರಿನಲ್ಲಿ ಹೇಳಿದ್ದೆವು. ಅಂದು ಅದರಂತೆ ನಡೆದವರು ಆ ತಾಯಿ, ನಾವಲ್ಲ.

ಪ್ರಿಯರೇ, ಗಲ್ಫ್‌ಗೆ ಹೊರಟವರನ್ನು ಬೀಳ್ಕೊಡಲು ಹೋದಾಗ ಸಲಾಂ ಹೇಳಿ ಬರುವುದಷ್ಟೇ ಸಾಲದು. ಚೀಲದಲ್ಲಿ ಮಗುವಿನ ಹಾಲಿದೆಯೇ, ತಾಯಿ ಏನಾದರೂ ತಿಂದಿದ್ದಾಳೆಯೇ ಎಂದು ಕೇಳಿ. ಅಲ್ಲಾಹನು ನಮ್ಮ ಮಕ್ಕಳ ಪ್ರಯಾಣವನ್ನು ಸುಗಮಗೊಳಿಸಲಿ, ಎಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.