ಊರಿನ ಹಿರಿಯರು ಮುಂಬಯಿಗೆ ಬರಲು ಯಾವ ಋತು ಹಿತ?

ಉದರನಿಮಿತ್ತ ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗನಿಗೆ ಇಲ್ಲಿ ತನ್ನದೆಂಬ ಒಂದು ಸೂರು ಆದೊಡನೆ ಮೊದಲು ಮೂಡುವ ಹಂಬಲ, ತಂದೆತಾಯಿಗಳನ್ನು ಕರೆತಂದು ನಾಲ್ಕು ದಿನ ತನ್ನಲ್ಲಿ ಇರಿಸಿಕೊಳ್ಳಬೇಕೆಂಬುದು. ಕಾಂದಿವಲಿಯ ಚಾರ್‌ಕೋಪ್, ಪೊಯ್ಸರ್, ಠಾಕೂರ್ ವಿಲೇಜ್ ಮುಂತಾದೆಡೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ವರ್ಷಕ್ಕೊಮ್ಮೆಯಾದರೂ ಅಜ್ಜ ಅಜ್ಜಿಯರು ಬಂದು ಹೋಗದ ಮನೆ ವಿರಳ. ಅವರ ಬರವಿಗಾಗಿ ಕೋಣೆ ತೆರವಾಗುತ್ತದೆ, ಹಾಸಿಗೆ ಅಣಿಯಾಗುತ್ತದೆ, ಕುಚ್ಚಲಕ್ಕಿಯೋ ಜೋಳದ ಹಿಟ್ಟೋ ಮನೆಗೆ ಬರುತ್ತದೆ. ಆದರೆ ಇಷ್ಟೆಲ್ಲ ಮುಂಧೋರಣೆ ತೋರುವ ಮನೆಯವರು ಒಂದು ಸಂಗತಿಯನ್ನು ಮಾತ್ರ ಸಾಮಾನ್ಯವಾಗಿ ಮರೆಯುತ್ತಾರೆ. ಎಪ್ಪತ್ತು ದಾಟಿದ ದೇಹಕ್ಕೆ ಈ ಕಡಲ ತಡಿಯ ನಗರ ಯಾವ ಕಾಲದಲ್ಲಿ ಹಿತ, ಯಾವ ಕಾಲದಲ್ಲಿ ಅಹಿತ ಎಂಬುದೇ ಆ ಸಂಗತಿ.

ರೂಢಿಯಲ್ಲಿರುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಮೇ ತಿಂಗಳ ರಜೆಯಲ್ಲಿ ಸಂಸಾರ ಊರಿಗೆ ಹೋಗುತ್ತದೆ. ಜೂನ್ ನಡುವೆ ಶಾಲೆ ತೆರೆಯುವ ಹೊತ್ತಿಗೆ ಮರಳುವಾಗ ಹಿರಿಯರನ್ನೂ ಜತೆಗೆ ಕರೆತರುತ್ತದೆ. ರೈಲಿನಲ್ಲಿ ಜೊತೆಯಾಯಿತು, ಮೊಮ್ಮಕ್ಕಳಿಗೆ ಸಂತೋಷವಾಯಿತು, ಬೇರೊಂದು ಪ್ರಯಾಣದ ಖರ್ಚೂ ಉಳಿಯಿತು. ಮೇಲ್ನೋಟಕ್ಕೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆದರೆ ಹವಾಮಾನ ಇಲಾಖೆಯ ಲೆಕ್ಕದಂತೆ ಮುಂಬಯಿಗೆ ಮುಂಗಾರು ತಲಪುವ ವಾಡಿಕೆಯ ದಿನ ಜೂನ್ 11. ಅಂದರೆ, ಮನೆಯವರ ಅನುಕೂಲಕ್ಕೆ ಆರಿಸಿದ ಕಾಲವೇ ಹಿರಿಯರ ಆರೋಗ್ಯಕ್ಕೆ ಅತ್ಯಂತ ಪ್ರತಿಕೂಲವಾದ ಕಾಲವಾಗಿ ಪರಿಣಮಿಸುತ್ತದೆ. ಮಕ್ಕಳ ಮನೆಯಲ್ಲಿ ಎರಡು ತಿಂಗಳು ಸುಖವಾಗಿರಲೆಂದು ಬಂದವರು ಹದಿನೈದು ದಿನವನ್ನು ಆಸ್ಪತ್ರೆಯಲ್ಲಿ ಕಳೆದು, ಬಳಲಿ ಊರಿಗೆ ಮರಳುವ ಪ್ರಸಂಗಗಳಿಗೆ ಎಷ್ಟೋ ವೇಳೆ ಇದೇ ಮೂಲ.

ವರ್ಷಾಕಾಲ

ಕರಾವಳಿಯ ಹಿರಿಯರಿಗೆ ಮಳೆಯ ಭಯವಿಲ್ಲ. ಆಷಾಢದ ಜಡಿಮಳೆಯಲ್ಲೇ ನೇಜಿ ನೆಟ್ಟು ಬೆಳೆದವರು ಅವರು. ಆದರೆ ಊರಿನ ಮಳೆ ಗದ್ದೆಗೆ, ತೋಡಿಗೆ, ಹೊಳೆಗೆ ಹರಿದು ಹೋಗುತ್ತದೆ. ನಗರದ ಮಳೆ ಚರಂಡಿಯ ಕೊಳೆಯೊಡನೆ ಕೂಡಿ ಬೀದಿಯಲ್ಲಿ ನಿಲ್ಲುತ್ತದೆ. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಜುಲೈ ಒಂದೇ ತಿಂಗಳಲ್ಲಿ ವಾಡಿಕೆಯಾಗಿ 800 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ವಿಜಯಪುರದ ಕಡೆಯವರಿಗೆ ಇಡೀ ವರ್ಷದಲ್ಲೂ ಅಷ್ಟು ಮಳೆ ಕಾಣಸಿಗದು. 2005ರ ಜುಲೈ 26ರ ಮಳೆಯನ್ನಂತೂ ಉಪನಗರವಾಸಿಗಳು ಮರೆಯುವಂತಿಲ್ಲ. ಅಂದು ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರು, ಸಾಂತಾಕ್ರೂಜಿನಲ್ಲಿ 944. ನಗರದ ದಕ್ಷಿಣ ತುದಿಯ ಸುದ್ದಿ ಕೇಳಿ ಉಪನಗರದ ಹವೆಯನ್ನು ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಹುಟ್ಟುವ ಪೊಯ್ಸರ್ ನದಿ ಕಾಂದಿವಲಿಯ ನಡುವೆಯೇ ಹರಿದು ಪಶ್ಚಿಮದ ಖಾರಿಯನ್ನು ಸೇರುತ್ತದೆ. ಭಾರಿ ಮಳೆಯೂ ಕಡಲಿನ ಉಬ್ಬರವೂ ಒಂದೇ ವೇಳೆಗೆ ಬಂದರೆ ನೀರಿಗೆ ಹೋಗಲು ದಾರಿ ಉಳಿಯುವುದಿಲ್ಲ.

ನಿಂತ ನೀರು ರೋಗಗಳ ತವರು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯವುಳ್ಳ ಕಾಲನ್ನಿಟ್ಟು ನಡೆದವರಿಗೆ ಇಲಿಜ್ವರ ತಗಲಬಹುದು. 2005ರ ನೆರೆಯ ಬಳಿಕ ಈ ಜ್ವರ ನಗರದಲ್ಲಿ ಅನೇಕರ ಪ್ರಾಣ ಕೊಂಡಿತು. ಸಕ್ಕರೆ ಕಾಯಿಲೆಯ ಹಿರಿಯರ ಪಾದದಲ್ಲಿ ಅವರಿಗೇ ಅರಿವಾಗದ ಸೀಳು, ಬಿರುಕುಗಳಿರುವುದು ಸಾಮಾನ್ಯವಾದುದರಿಂದ ಅಪಾಯ ಅವರಿಗೆ ಹೆಚ್ಚು. ಮಲೇರಿಯಾ ಹರಡುವ ಸೊಳ್ಳೆ ಮಾಳಿಗೆಯ ಟಾಕಿಗಳಲ್ಲಿಯೂ ಕಟ್ಟಡ ಕಟ್ಟುವ ಸ್ಥಳಗಳ ನೀರಿನಲ್ಲಿಯೂ ಬೆಳೆಯುತ್ತದೆ. ಡೆಂಗ್ಯೂ ಸೊಳ್ಳೆಗೆ ಹೂಕುಂಡದ ಕೆಳಗಿನ ತಟ್ಟೆಯ ನೀರೂ ಸಾಕು. ಅದು ಕಚ್ಚುವುದು ಹಗಲಿನಲ್ಲಿ, ಹಿರಿಯರು ಊಟ ಮುಗಿಸಿ ಅಡ್ಡಾಗುವ ವೇಳೆಯಲ್ಲಿಯೂ. ಇವುಗಳೊಡನೆ ವಾಂತಿಭೇದಿ, ಕಾಮಾಲೆ, ಫ್ಲೂ ಜ್ವರಗಳಿಗೂ ಇದೇ ಸುಗ್ಗಿ.

ರೋಗಕ್ಕಿಂತಲೂ ಕಡೆಗಣಿಸಲ್ಪಟ್ಟ ಇನ್ನೊಂದು ಗಂಡಾಂತರವಿದೆ. ಅದು ಜಾರಿ ಬೀಳುವುದು. ಒದ್ದೆಯಾದ ಹೆಂಚಿನ ನೆಲ, ಮೆಟ್ಟಲು, ಸವೆದ ಚಪ್ಪಲಿ ಇವು ಒಟ್ಟುಗೂಡಿದರೆ ಮುದಿ ಎಲುಬು ತಡೆಯದು. ಸೊಂಟದ ಎಲುಬು ಮುರಿದ ವೃದ್ಧರು ಮತ್ತೆ ಮೊದಲಿನಂತೆ ಓಡಾಡುವುದು ದುರ್ಲಭ. ಆ ಭಯದಿಂದ ಮನೆಯೊಳಗೇ ಇದ್ದರೆ, ಒಣಗದ ಬಟ್ಟೆಗಳ ವಾಸನೆಯ ನಡುವೆ, ಹಿಂದಿ ಮರಾಠಿ ಬಾರದ ಜೀವಕ್ಕೆ ನಾಲ್ಕು ಗೋಡೆಗಳೇ ಪ್ರಪಂಚವಾಗುತ್ತವೆ.

ಈ ಕಾಲಕ್ಕೆ ಒಂದು ಆಕರ್ಷಣೆ ಇಲ್ಲದಿಲ್ಲ. ಪತ್ತನಾಜೆಗೆ ತಿರುಗಾಟ ಮುಗಿಸಿದ ಯಕ್ಷಗಾನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಟವಾಡುತ್ತಾರೆ. ಆ ಸವಿಗಾಗಿಯೇ ಶ್ರಾವಣದಲ್ಲಿ ಬರುವ ಹಿರಿಯರಿದ್ದಾರೆ. ಗಟ್ಟಿಮುಟ್ಟಾಗಿರುವವರು ಬರಬಾರದೆಂದೇನೂ ಇಲ್ಲ. ನಡುರಾತ್ರಿ ಆಟ ಮುಗಿದ ಮೇಲೆ ಮಳೆಯಲ್ಲಿ ಮನೆಗೆ ಮರಳುವ ಏರ್ಪಾಡು ಮೊದಲೇ ಆಗಿರಬೇಕು.

ಶರತ್ಕಾಲ

ಅಕ್ಟೋಬರ್ ಎರಡನೆಯ ವಾರದ ಸುಮಾರಿಗೆ ಮುಂಗಾರು ಹಿಂದೆ ಸರಿಯುತ್ತದೆ. ಮಳೆ ನಿಂತಿತು, ಇನ್ನು ಕರೆಸಬಹುದೆಂದು ಅನೇಕರು ಭಾವಿಸುತ್ತಾರೆ. ಶರದೃತು ವೈದ್ಯರ ಪಾಲಿಗೆ ತಾಯಿಯಿದ್ದಂತೆ ಎಂಬ ಅರ್ಥದ ಹಳೆಯ ಸಂಸ್ಕೃತ ನುಡಿಯೊಂದಿದೆ. ರೋಗಿಗಳನ್ನೊದಗಿಸಿ ಅವರನ್ನು ಪೊರೆಯುತ್ತದೆ ಎಂಬುದು ಅದರ ವಿನೋದ. ನೆಲದಲ್ಲಿ ತೇವ ಇನ್ನೂ ಆರಿರುವುದಿಲ್ಲ, ಮೋಡದ ಮರೆ ತಪ್ಪಿ ಬಿಸಿಲು ನೇರವಾಗಿ ಎರಗುತ್ತದೆ. ಉಷ್ಣತೆ ಒಮ್ಮೆಗೇ 34 ಡಿಗ್ರಿ ಮೀರುತ್ತದೆ. ಡೆಂಗ್ಯೂ, ಮಲೇರಿಯಾಗಳ ಹಾವಳಿ ಇನ್ನೂ ತಗ್ಗಿರುವುದಿಲ್ಲ. ಆದುದರಿಂದ ದೀಪಾವಳಿ ಕಳೆಯುವ ತನಕ ತಾಳುವುದು ಲೇಸು.

ವಸಂತ, ಗ್ರೀಷ್ಮ

ಕಲಬುರಗಿ, ರಾಯಚೂರುಗಳ ಕಡೆಯ ಹಿರಿಯರಿಗೆ ಮುಂಬಯಿಯ ಬೇಸಗೆಯ ಅಂಕಿಗಳನ್ನು ಹೇಳಿದರೆ ನಗು ಬಂದೀತು. ಊರಿನಲ್ಲಿ 42 ಡಿಗ್ರಿ ಕಂಡವರಿಗೆ ಇಲ್ಲಿಯ 33 ಯಾವ ಲೆಕ್ಕ? ಆದರೆ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಅದರ ಹೊರಮೈಯ ತೇವ ಗಾಳಿಗೆ ಆರುವುದರಿಂದ. ಮನುಷ್ಯದೇಹವೂ ಬೆವರು ಆರಿದರೆ ಮಾತ್ರ ತಣಿಯುತ್ತದೆ. ಬಯಲುಸೀಮೆಯ ಒಣಗಾಳಿ ಬೆವರನ್ನು ಕ್ಷಣದಲ್ಲಿ ಹೀರುತ್ತದೆ. ಕಡಲ ತಡಿಯ ಗಾಳಿ ತಾನೇ ತೇವದಿಂದ ತುಂಬಿರುವುದರಿಂದ ಬೆವರು ಮೈಮೇಲೆಯೇ ಇಳಿಯುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಉಷ್ಣಮಾಪಕ 32 ತೋರುತ್ತಿದ್ದರೂ ಗಾಳಿಯ ತೇವಾಂಶ ಶೇಕಡಾ 70 ಇದ್ದರೆ ಶರೀರಕ್ಕೆ ಅದು ಸುಮಾರು 41 ಡಿಗ್ರಿಯಂತೆ ಭಾಸವಾಗುತ್ತದೆ. ಬರಿಯ ಉಷ್ಣತೆಯೂ ಕೆಲವೊಮ್ಮೆ ಕಡಿಮೆಯೇನಲ್ಲ. 1952ರ ಏಪ್ರಿಲ್ 14ರಂದು ಸಾಂತಾಕ್ರೂಜಿನಲ್ಲಿ 42.2 ಡಿಗ್ರಿ ದಾಖಲಾಗಿತ್ತು. ಮೂಡಣದ ನೆಲಗಾಳಿ ಬಲವಾಗಿ, ಮಧ್ಯಾಹ್ನದ ಕಡಲಗಾಳಿ ತಡವಾದ ದಿನಗಳಲ್ಲಿ ಹೀಗಾಗುತ್ತದೆ.

ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರ ದೇಹದಲ್ಲಿ ನೀರೂ ಉಪ್ಪೂ ಬೇಗನೆ ಇಳಿಯುತ್ತವೆ. ತಲೆಸುತ್ತು, ಮಾತಿನಲ್ಲಿ ಗೊಂದಲ, ಸುಡುವ ಮೈ ಇವು ಕಂಡರೆ ಅದು ವಯಸ್ಸಿನ ಮಂಪರೆಂದು ಬಿಡಬಾರದು. ಮೈಗೆ ತಣ್ಣೀರು ಹಚ್ಚಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಬೃಹತ್ ಸಮಾರಂಭಕ್ಕೆ ಬಂದಿದ್ದವರ ಪೈಕಿ 14 ಮಂದಿ ಬಿಸಿಲಿನ ಆಘಾತಕ್ಕೆ ಬಲಿಯಾದರು. ಕಡಲ ತಡಿಯ ಬಿಸಿಲು ಎಷ್ಟು ಮೋಸದ್ದೆಂಬುದಕ್ಕೆ ಆ ದುರಂತ ಸಾಕು.

ಹೇಮಂತ, ಶಿಶಿರ

ಉಳಿದದ್ದು ಒಂದೇ ಕಾಲ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯ ವರೆಗಿನ ಹತ್ತು ವಾರಗಳು ಕಾಂದಿವಲಿಗೆ ನಿಜವಾದ ಸುಕಾಲ. ರಾತ್ರಿ 16ರಿಂದ 18 ಡಿಗ್ರಿ, ಹಗಲು 30ರ ಆಸುಪಾಸು. ಗಾಳಿಯ ತೇವ ತಗ್ಗಿರುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ. ಹೇಮಂತದಲ್ಲಿ ಜಠರಾಗ್ನಿ ಪ್ರಬಲವೆಂದು ಆಯುರ್ವೇದದ ಋತುಚರ್ಯೆಯೂ ಹೇಳುತ್ತದೆ. ಎಳೆಬಿಸಿಲಿನಲ್ಲಿ ಅರ್ಧ ಗಂಟೆ ನಡೆದಾಡಿದರೆ ಸೆಟೆದ ಕೀಲುಗಳು ಸಡಿಲವಾಗುತ್ತವೆ. ಸಮೀಪದಲ್ಲೇ ಬೊರಿವಲಿಯ ರಾಷ್ಟ್ರೀಯ ಉದ್ಯಾನ ಮತ್ತು ಕಾನ್ಹೇರಿಯ ಗುಹೆಗಳಿವೆ. ಪೂರ್ವದಲ್ಲಿ ಆಕುರ್ಲಿ, ಪೊಯ್ಸರ್, ಪಶ್ಚಿಮದಲ್ಲಿ ಡಹಾಣೂಕರ್‌ವಾಡಿ ಮೊದಲಾದ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಸೌಕರ್ಯವಿರುವುದರಿಂದ, ಲೋಕಲ್ ಗಾಡಿಯ ನೂಕುನುಗ್ಗಲಿಗೆ ಅಂಜುವ ಹಿರಿಯರೂ 2022ರಿಂದೀಚೆಗೆ ಹೊರಗೆ ಹೋಗಿ ಬರಬಹುದಾಗಿದೆ. ಕನ್ನಡ ಸಂಘಗಳ ನಾಟಕ, ಸಂಗೀತ, ವಾರ್ಷಿಕೋತ್ಸವಗಳೂ ಬಹುಮಟ್ಟಿಗೆ ಈ ದಿನಗಳಲ್ಲಿಯೇ. ತಮ್ಮ ನುಡಿಯಲ್ಲಿ ನಾಲ್ಕು ಮಾತಾಡುವ ಸಮವಯಸ್ಕರು ಸಿಕ್ಕಿದರೆ ಅರ್ಧ ಕಾಯಿಲೆ ತಾನಾಗಿಯೇ ಇಳಿಯುತ್ತದೆ.

ಈ ಋತುವಿಗೂ ಒಂದು ದೋಷವಿದೆ. ಚಳಿಗಾಲದಲ್ಲಿ ಗಾಳಿಯ ಬೀಸು ತಗ್ಗಿ, ವಾಹನಗಳ ಹೊಗೆಯೂ ಕಟ್ಟಡ ಕಾಮಗಾರಿಗಳ ಧೂಳೂ ನೆಲದ ಸಮೀಪದಲ್ಲೇ ನಿಲ್ಲುತ್ತವೆ. ನಗರದ ಗಾಳಿ ಕೆಟ್ಟಿರುವುದನ್ನು ಕಂಡು 2023ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಆಸ್ತಮಾ, ದೀರ್ಘಕಾಲದ ಶ್ವಾಸರೋಗ, ಹೃದ್ರೋಗಗಳಿರುವವರು ವೈದ್ಯರನ್ನು ಕೇಳಿ ಹೊರಡಬೇಕು. ಮಂಜು ಕವಿದ ಮುಂಜಾವಿನಲ್ಲಿ ನಡೆಯಹೋಗದೆ, ಬಿಸಿಲೇರಿ ಮುಸುಕು ತಿಳಿಯಾದ ಮೇಲೆ ಹೊರಬರಬೇಕು. ಮನೆಯ ಸುತ್ತ ಹಳೆಯ ಕಟ್ಟಡ ಕೆಡವುವ ಕೆಲಸ ನಡೆದಿದ್ದರೆ, ಅದು ಮುಗಿಯುವ ತನಕ ಕಾಯುವುದೇ ವಿವೇಕ.

ಹಿರಿಯರ ಪಂಚಾಂಗ

ಕಾಲ ಹಿತವಾಗಿದೆಯೆಂದು ಮಕ್ಕಳು ನಿಶ್ಚಯಿಸಿದರೆ ಸಾಲದು. ಹಿರಿಯರಿಗೆ ಅವರದೇ ಆದ ಪಂಚಾಂಗವಿದೆ. ಮಲೆನಾಡು, ಕರಾವಳಿಗಳಲ್ಲಿ ಅಡಕೆಯ ಕೊಯ್ಲು ಇದೇ ತಿಂಗಳುಗಳಲ್ಲಿ. ಕೋಲ, ನೇಮ, ಜಾತ್ರೆಗಳ ಕಾಲವೂ ಇದೇ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ. ಆ ದಿನವನ್ನು ಬಿಟ್ಟು ಬರಲು ಅಲ್ಲಿಯ ಹಿರಿಯರು ಒಪ್ಪಲಾರರು. ಬಯಲುಸೀಮೆಯವರಿಗೆ ಸಂಕ್ರಾಂತಿಯ ತರುವಾಯ ಹಿಂಗಾರು ಜೋಳದ ಕೊಯ್ಲು, ರಾಶಿ. ಎಂಬತ್ತರ ಮುದುಕ ಗದ್ದೆಗಿಳಿಯದಿರಬಹುದು, ಆದರೆ ಜಗಲಿಯಲ್ಲಿ ಕುಳಿತು ಲೆಕ್ಕ ಹಿಡಿಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಒತ್ತಾಯಕ್ಕೆ ಬಂದವರ ಮನಸ್ಸು ಊರಿನ ಕೊಟ್ಟಿಗೆಯಲ್ಲೇ ಇರುತ್ತದೆ. ಆದುದರಿಂದ ಟಿಕೇಟಿಗೆ ಮೊದಲು ಅವರ ಅಭಿಪ್ರಾಯ ಕೇಳಿ, ಹತ್ತು ವಾರಗಳ ಈ ಅವಧಿಯಲ್ಲಿ ಅವರಿಗೆ ಬಿಡುವಾದ ನಾಲ್ಕು ವಾರಗಳನ್ನು ಗೊತ್ತುಮಾಡುವುದು ಉಚಿತ.

ಆಯ್ಕೆಯೇ ಇಲ್ಲದಾಗ

ಸೊಸೆಯ ಹೆರಿಗೆ, ಮಗನ ಅನಾರೋಗ್ಯ, ಊರಿನಲ್ಲಿ ನೋಡಿಕೊಳ್ಳುವವರಿಲ್ಲದ ಒಂಟಿತನ ಇವು ಋತುವನ್ನು ಕಾಯುವುದಿಲ್ಲ. ಬಾಣಂತನಕ್ಕೆ ಬರಬೇಕಾದ ಅಜ್ಜಿ ಜುಲೈಯಲ್ಲಿ ಬರಲೇಬೇಕಾದರೆ, ಮೇ ಕೊನೆಗೇ ಕರೆಸುವುದು ಮೇಲು. ಮಳೆಗಾಲದಲ್ಲಿ ಕೊಂಕಣ ರೈಲುಗಳು ವೇಗ ತಗ್ಗಿಸಿ ಬೇರೆ ವೇಳಾಪಟ್ಟಿಯಂತೆ ಓಡುವುದರಿಂದ ಪ್ರಯಾಣದ ಆಯಾಸ ಹೆಚ್ಚುತ್ತದೆ. ಬಂದವರಿಗೆ ಕುದಿಸಿ ಆರಿಸಿದ ನೀರು, ಹಗಲಿನಲ್ಲೂ ಸೊಳ್ಳೆಪರದೆ, ಹಿಡಿತವುಳ್ಳ ಹೊಸ ಚಪ್ಪಲಿ, ಬಚ್ಚಲಿನಲ್ಲಿ ಹಿಡಿಕೆ ಇರಲಿ. ಕೊಳೆನೀರಿನಲ್ಲಿ ನಡೆಯಬೇಕಾಗಿ ಬಂದರೆ ಕಾಲನ್ನು ಸಾಬೂನಿನಿಂದ ತೊಳೆದು, ಇಲಿಜ್ವರದ ಮುನ್ನೆಚ್ಚರಿಕೆಯ ಗುಳಿಗೆ ಬೇಕೇ ಎಂದು 72 ಗಂಟೆಗಳೊಳಗೆ ವೈದ್ಯರನ್ನು ಕೇಳಬೇಕು. ಜ್ವರ ಒಂದು ದಿನ ದಾಟಿದರೆ ರಕ್ತಪರೀಕ್ಷೆ ಆಗಲೇಬೇಕು. ಡೆಂಗ್ಯೂ ಅಲ್ಲವೆಂದು ಖಚಿತವಾಗುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಗುಳಿಗೆಗಳನ್ನು ಸ್ವಂತ ಬುದ್ಧಿಯಿಂದ ಕೊಡಬಾರದು. ಅವು ರಕ್ತಸ್ರಾವಕ್ಕೆ ಎಡೆಮಾಡುತ್ತವೆ. ಮೊಮ್ಮಕ್ಕಳೊಡನೆ ಅಕ್ಸಾ ಕಡಲತೀರಕ್ಕೆ ಹೋಗುವ ಆಸೆಯನ್ನು ಮಳೆಗಾಲದಲ್ಲಿ ಸಂಪೂರ್ಣವಾಗಿ ತೊರೆಯಬೇಕು. ಅಲ್ಲಿಯ ಸೆಳವಿಗೆ ಬಲಿಯಾದವರು ಹಲವರು.

ಹೊರಡುವ ಮುನ್ನ

ಇನ್ನು ಯಾವ ಋತುವಿನಲ್ಲಿ ಬಂದರೂ ತಪ್ಪದ ಸಿದ್ಧತೆಗಳು ಕೆಲವಿವೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾದಿರಿಸುವಿಕೆ 60 ದಿನಗಳ ಮೊದಲಷ್ಟೇ ತೆರೆಯುತ್ತದೆ. ಡಿಸೆಂಬರ್ ನಡುವಿನ ಪ್ರಯಾಣಕ್ಕೆ ಅಕ್ಟೋಬರ್ ನಡುವಿನಲ್ಲೇ ಎಚ್ಚರವಾಗಿದ್ದು ಕೆಳಗಿನ ಬರ್ತನ್ನು ಪಡೆಯಬೇಕು. ಎರಡು ತಿಂಗಳ ಔಷಧಿ, ಊರಿನ ವೈದ್ಯರ ಚೀಟಿ, ಇತ್ತೀಚಿನ ಪರೀಕ್ಷೆಗಳ ವರದಿ ಕೈಚೀಲದಲ್ಲಿರಬೇಕು. ಇನ್ಸುಲಿನ್ ಸೀಸೆಯನ್ನು ಕಿಟಕಿಯ ಬಿಸಿಲಿಗಿಡಬಾರದು, ಮಂಜುಗಡ್ಡೆಗೆ ತಾಗಿಸಲೂಬಾರದು. ತುರ್ತಿಗೆ 108ರ ಆಂಬ್ಯುಲೆನ್ಸ್ ಉಂಟು. ಕಾಂದಿವಲಿ ಪಶ್ಚಿಮದಲ್ಲಿ ಶತಾಬ್ದಿಯೆಂದೇ ಹೆಸರಾದ ಮಹಾನಗರಪಾಲಿಕೆಯ ಡಾ. ಬಾಬಾಸಾಹೇಬ ಅಂಬೇಡ್ಕರ್ ಆಸ್ಪತ್ರೆಯುಂಟು. ಮನೆಯ ವಿಳಾಸ ಮತ್ತು ಮಗನ ಫೋನ್ ನಂಬರನ್ನು ಕನ್ನಡ, ಹಿಂದಿ ಎರಡರಲ್ಲೂ ಬರೆದ ಚೀಟಿ ಹಿರಿಯರ ಕಿಸೆಯಲ್ಲೋ ಸಂಚಿಯಲ್ಲೋ ಸದಾ ಇರಲಿ.

ಕೊನೆಯದಾಗಿ ಒಂದು ಮಾತು. ಸರಿಯಾದ ಕಾಲವನ್ನು ಆರಿಸುವುದೆಂದರೆ ಮುಂದೂಡುತ್ತ ಹೋಗುವುದೆಂದು ಅರ್ಥವಲ್ಲ. ಈ ವರ್ಷ ಕೆಲಸದ ಒತ್ತಡ, ಮುಂದಿನ ವರ್ಷ ಮಗಳ ಪರೀಕ್ಷೆ, ಅದರಾಚೆಯ ವರ್ಷ ನೋಡೋಣ ಎನ್ನುತ್ತಿರುವಾಗ ಊರಿನ ಮನೆಯಲ್ಲಿ ಮೆಟ್ಟಲು ಹತ್ತುವ ಶಕ್ತಿ ಕುಂದುತ್ತಿರುತ್ತದೆ. ಹೇಮಂತ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಹಿರಿಯರ ಪ್ರಯಾಣಯೋಗ್ಯವಾದ ಹೇಮಂತಗಳು ಮಾತ್ರ ಎಣಿಕೆಯವು. ಈ ಸಲದ ದೀಪಾವಳಿಗೆ ಊರಿಗೆ ಫೋನು ಮಾಡುವಾಗ ಕ್ಷೇಮಸಮಾಚಾರದೊಡನೆ ಈ ವಿಷಯವನ್ನೂ ಮಾತಾಡಿ, ದಿನ ಗೊತ್ತುಮಾಡುವುದು ಒಳ್ಳೆಯದು. ಆರೋಗ್ಯದಿಂದ ಬಂದ ಹಿರಿಯರು ಆರೋಗ್ಯದಿಂದಲೇ ಊರಿಗೆ ಮರಳಲಿ.