ಹಳೆಯ ಲೇತಿಗೆ ಮರುಜೀವ

ಚಾಮರಾಜಪೇಟೆಗೆ ಅಂಟಿಕೊಂಡಂತಿರುವ ಕಲಾಸಿಪಾಳ್ಯದ ಗಲ್ಲಿಗಳಲ್ಲಿ ಲೇತ್ ಅಂಗಡಿಗಳು ಈಗಲೂ ಇವೆ. ಇಂಥ ಅಂಗಡಿಗಳಲ್ಲಿ ಯಂತ್ರದ ವಯಸ್ಸು ಮಾಲೀಕರ ವಯಸ್ಸಿಗಿಂತ ಹೆಚ್ಚಿದ್ದರೂ ಅಚ್ಚರಿಯಿಲ್ಲ. ಲೇತ್ ತಯಾರಿಕೆ ಈ ನಾಡಿಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು; 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ಹರಿಹರದ ಕಾರ್ಖಾನೆ ಮುಚ್ಚಿಹೋಗಿದೆ. ಅದರ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ. ಇದು ಹೇಗೆ ಸಾಧ್ಯ?

ಮೋಟಾರು, ಬೇರಿಂಗುಗಳನ್ನು ಬದಲಿಸುವುದು ಸುಲಭ. ತೊಡಕಿರುವುದು ಬೆಡ್ಡಿನಲ್ಲಿ. ಉಳಿಯನ್ನು ಹೊತ್ತ ಸ್ಯಾಡಲ್ ಹೆಚ್ಚಾಗಿ ಚಕ್ಕಿನ ಸಮೀಪವೇ ಓಡಾಡುವುದರಿಂದ ಅಲ್ಲಿ ಸವೆತ ಜಾಸ್ತಿ. ಆಗ ಉಳಿ ದಾರಿ ತಪ್ಪುತ್ತದೆ. ಕಡೆದ ಸರಳು ಒಂದು ತುದಿಯಲ್ಲಿ ದಪ್ಪವಾಗುತ್ತದೆ.

ಗಡಸು ಬೆಡ್ಡಾದರೆ ಗ್ರೈಂಡಿಂಗ್ ಮಾಡಿಸಬೇಕು. ಮೆದು ಬೆಡ್ಡಾದರೆ ಕೈಕೆಲಸದಿಂದಲೇ ಸರಿಪಡಿಸಬಹುದು. ನಿಖರವಾಗಿ ಸಮತಟ್ಟಾದ ಪಟ್ಟಿಗೆ ಫಿಟ್ಟರ್ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಉಜ್ಜುತ್ತಾನೆ. ನೀಲಿ ಅಂಟಿದಲ್ಲಿ ಉಬ್ಬು ಇದೆಯೆಂದು ಅರ್ಥ. ಅದನ್ನು ಸ್ಕ್ರೇಪರಿನಿಂದ ಕೆರೆಯುತ್ತಾನೆ. ಮತ್ತೆ ನೀಲಿ, ಮತ್ತೆ ಕೆರೆತ. ನೀಲಿ ಚುಕ್ಕೆಗಳು ಎಲ್ಲೆಡೆ ಸಮನಾಗಿ ಕಾಣುವವರೆಗೆ ಈ ಕೆಲಸ ನಡೆಯುತ್ತದೆ. ಕೆರೆದ ತಗ್ಗುಗಳಲ್ಲಿ ಎಣ್ಣೆ ನಿಲ್ಲುವುದರಿಂದ ಮುಂದಿನ ಸವೆತವೂ ನಿಧಾನ.

ಆದ್ದರಿಂದ ಹಳೆಯ ಲೇತ್ ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗಬಾರದು. ಸರಳೊಂದನ್ನು ಕಡೆಸಿ, ಎರಡೂ ತುದಿಗೆ ಮೈಕ್ರೋಮೀಟರ್ ಹಿಡಿದು ನೋಡಬೇಕು.

ಗುಜರಿಗೆ ಹೋದ ಲೇತಿಗೆ ಸಿಗುವುದು ಕಬ್ಬಿಣದ ಬೆಲೆ. ಫಿಟ್ಟರನ ಕೈಸೇರಿದರೆ ಅದು ಇನ್ನೊಂದು ತಲೆಮಾರಿಗೆ ಅನ್ನ ಕೊಡುತ್ತದೆ. ಬೀಡುಕಬ್ಬಿಣವೇನೋ ಬಾಳುತ್ತದೆ, ಕೆರೆಯುವ ಕೈಗುಣ ಉಳಿಯಬೇಕಾದರೆ ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗರು ಬೇಕು.