ಕರುಳಿನ ಸಣ್ಣ ಪಾಲಿಪ್‌ಗೆ ಯಾವ ಸಾಧನ ಸೂಕ್ತ? ಚಿಮಟ, ತಣ್ಣನೆಯ ಕುಣಿಕೆ, ಬಿಸಿ ಕುಣಿಕೆಗಳ ವಿವೇಚನೆ

ಮಲದಲ್ಲಿ ರಕ್ತ ಕಂಡುಬಂದು, ಅಥವಾ ಕಾರಣ ತಿಳಿಯದ ರಕ್ತಹೀನತೆಯಿಂದ ಬಳಲಿ, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೊಲೊನೋಸ್ಕೋಪಿ ಮಾಡಿಸಿಕೊಂಡು ಬರುವ ಸದ್ಭಕ್ತರಿದ್ದಾರೆ. ಅವರು ತರುವ ವರದಿಯಲ್ಲಿ ‘6 ಮಿ.ಮೀ. ಪಾಲಿಪ್, ಕೋಲ್ಡ್ ಸ್ನೇರ್‌ನಿಂದ ತೆಗೆಯಲಾಗಿದೆ’ ಎಂಬಂಥ ಒಂದು ಸಾಲಿರುತ್ತದೆ. ಆ ಸಾಲಿನ ಅರ್ಥ ಮನೆಯವರಿಗೆ ತಿಳಿಯದು, ಕೇಳಲು ಸಂಕೋಚ. ಆದರೆ ಯಾವ ಸಾಧನದಿಂದ ಪಾಲಿಪ್ ತೆಗೆದರು ಎಂಬುದರ ಮೇಲೆಯೇ ಮುಂದಿನ ಎರಡು ವಾರಗಳ ಎಚ್ಚರಿಕೆ ನಿಂತಿದೆ. ಆದ್ದರಿಂದ ಈ ವಿಷಯವನ್ನು ಭಕ್ತಾದಿಗಳಿಗೆ ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಪಾಲಿಪ್ ಎಂದರೇನು?

ದೊಡ್ಡ ಕರುಳಿನ ಒಳಪೊರೆಯ ಮೇಲೆ ಬೆಳೆಯುವ ಮಾಂಸದ ಸಣ್ಣ ಗಂಟೇ ಪಾಲಿಪ್. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ. ಕೆಲವು ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿರುತ್ತವೆ. ಎಲ್ಲ ಪಾಲಿಪ್‌ಗಳೂ ಅಪಾಯಕಾರಿಯಲ್ಲ. ಅಡಿನೋಮಾ ಎಂಬ ಜಾತಿಯವು, ಮತ್ತು ಸೆರೇಟೆಡ್ ಎಂಬ ಗುಂಪಿನ ಕೆಲವು, ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಿ ಮಾರ್ಪಡುವ ಸಾಧ್ಯತೆಯುಳ್ಳವು. ಈ ಮಾರ್ಪಾಡಿಗೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಕಂಡು ತೆಗೆದರೆ ರೋಗವು ಹುಟ್ಟುವ ಮೊದಲೇ ನಿವಾರಣೆಯಾದಂತೆ. ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಪಾಲಿಪ್ ಅಧ್ಯಯನವು, ಅಡಿನೋಮಾ ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್‌ನಿಂದಾಗುವ ಸಾವು ನಿರೀಕ್ಷೆಗಿಂತ ಶೇ. 53ರಷ್ಟು ಕಡಿಮೆಯಾದುದನ್ನು 2012ರಲ್ಲಿ ಪ್ರಕಟಿಸಿತು.

ವೈದ್ಯರು ಪಾಲಿಪ್‌ಗಳನ್ನು ಗಾತ್ರದಿಂದ ವಿಂಗಡಿಸುತ್ತಾರೆ. 5 ಮಿ.ಮೀ.ವರೆಗಿನದು ಅತಿ ಸಣ್ಣದು. 6ರಿಂದ 9 ಮಿ.ಮೀ. ಸಣ್ಣದು, 10 ಮಿ.ಮೀ. ಮತ್ತು ಅದಕ್ಕೂ ಮೇಲ್ಪಟ್ಟದ್ದು ದೊಡ್ಡದು. ಕಂಡುಬರುವ ಪಾಲಿಪ್‌ಗಳಲ್ಲಿ ಹೆಚ್ಚಿನವು ಮೊದಲ ಎರಡು ಗುಂಪಿಗೆ ಸೇರಿದವು. ಈ ಲೇಖನವೂ ಅವುಗಳ ಕುರಿತಾದದ್ದು.

ಮೂರು ಸಾಧನಗಳು

ಮೊದಲನೆಯದು ಬಯಾಪ್ಸಿ ಚಿಮಟ. ವೈದ್ಯರು ಇದನ್ನು ಫೋರ್ಸೆಪ್ಸ್ ಎನ್ನುತ್ತಾರೆ. ಕೊಲೊನೋಸ್ಕೋಪ್ ನಳಿಕೆಯ ಒಳಗಿನಿಂದ ತೂರಿಸುವ ಉದ್ದನೆಯ ತಂತಿಯ ತುದಿಯಲ್ಲಿ ಎರಡು ಪುಟ್ಟ ಬಟ್ಟಲುಗಳು ಬಾಯಿಯಂತೆ ತೆರೆದು ಮುಚ್ಚುತ್ತವೆ. ಪಾಲಿಪ್ಪನ್ನು ಕಚ್ಚಿ ಕಿತ್ತು ತರುವುದು ಇದರ ಕೆಲಸ. ಕಿತ್ತ ತುಣುಕು ಬಟ್ಟಲಿನಲ್ಲಿಯೇ ಉಳಿಯುವುದರಿಂದ ಪ್ರಯೋಗಾಲಯಕ್ಕೆ ಕಳುಹಿಸುವಾಗ ಕಳೆದುಹೋಗುವ ಭಯವಿಲ್ಲ. ಆದರೆ ಒಂದೇ ಕಚ್ಚಿಗೆ ಸಿಗದಷ್ಟು ದೊಡ್ಡದಾಗಿದ್ದರೆ ಎರಡನೆಯ, ಮೂರನೆಯ ಬಾರಿ ಕಚ್ಚಬೇಕು. ಮೊದಲ ಕಚ್ಚಿನಲ್ಲಿ ಒಸರಿದ ರಕ್ತವು ಜಾಗವನ್ನು ಮರೆಮಾಡುತ್ತದೆ. ಅಂಚಿನಲ್ಲಿ ಸ್ವಲ್ಪ ಉಳಿದುಬಿಡುವ ಸಂಭವವಿದೆ.

ಎರಡನೆಯದು ತಣ್ಣನೆಯ ಕುಣಿಕೆ, ಅಂದರೆ ಕೋಲ್ಡ್ ಸ್ನೇರ್. ಇದು ತೆಳುವಾದ ಲೋಹದ ತಂತಿಯ ಉರುಳು. ಕೆಲವು ಕುಣಿಕೆಗಳ ತಂತಿಯ ದಪ್ಪ 0.3 ಮಿ.ಮೀ. ಮಾತ್ರ. ಪಾಲಿಪ್ಪಿನ ಸುತ್ತ ಕುಣಿಕೆಯನ್ನು ಹರಡಿ, ಸುತ್ತಲಿನ ಆರೋಗ್ಯವಂತ ಪೊರೆಯನ್ನೂ ಒಂದೆರಡು ಮಿ.ಮೀ.ನಷ್ಟು ಸೇರಿಸಿಕೊಂಡು ಬಿಗಿದರೆ, ತಂತಿಯೇ ಅದನ್ನು ಕತ್ತರಿಸುತ್ತದೆ. ವಿದ್ಯುತ್ ಇಲ್ಲ, ಸುಡುವುದಿಲ್ಲ. ಗದ್ದೆಯಲ್ಲಿ ಕಳೆ ಕೀಳುವ ರೈತನು ಬುಡದ ಮಣ್ಣನ್ನೂ ಸೇರಿಸಿ ಕೀಳುವನಲ್ಲವೇ? ಬೇರು ಉಳಿಯಬಾರದೆಂಬುದೇ ಅದರ ಉದ್ದೇಶ. ಇಲ್ಲಿಯೂ ಅದೇ ನೀತಿ. ಕತ್ತರಿಸಿದ ತುಣುಕನ್ನು ನಳಿಕೆಯ ಮೂಲಕ ಹೀರಿ, ಜಾಲರಿಯಲ್ಲಿ ಹಿಡಿದು, ಪರೀಕ್ಷೆಗೆ ಕಳುಹಿಸುತ್ತಾರೆ.

ಮೂರನೆಯದು ಬಿಸಿ ಕುಣಿಕೆ, ಅಂದರೆ ಹಾಟ್ ಸ್ನೇರ್. ಉರುಳನ್ನು ಬಿಗಿದ ಮೇಲೆ ಅದರ ಮೂಲಕ ವಿದ್ಯುತ್ ಹರಿಸಿ, ಶಾಖದಿಂದ ಕತ್ತರಿಸುತ್ತಾ ರಕ್ತನಾಳವನ್ನೂ ಸುಟ್ಟು ಮುಚ್ಚುವ ವಿಧಾನವಿದು. 1969ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಹೊಟ್ಟೆ ಕೊಯ್ಯದೆ ಪಾಲಿಪ್ ತೆಗೆಯುವ ಮಾರ್ಗವನ್ನು ತೆರೆದದ್ದು ಇಂಥ ಕುಣಿಕೆಯಿಂದಲೇ. ಅದಕ್ಕೂ ಮೊದಲು ಕರುಳಿನ ಮೇಲ್ಭಾಗದ ಪಾಲಿಪ್ಪಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿಯಾಗಿತ್ತು. ಹಾಗಾಗಿ ಬಿಸಿ ಕುಣಿಕೆಗೆ ವೈದ್ಯಶಾಸ್ತ್ರದಲ್ಲಿ ಹಿರಿಯ ಸ್ಥಾನವಿದೆ.

ಯಾವುದು ಪೂರ್ಣವಾಗಿ ತೆಗೆಯುತ್ತದೆ?

ಸಾಧನಗಳನ್ನು ಹೋಲಿಸಲು ಎರಡು ಪ್ರಶ್ನೆಗಳು ಮುಖ್ಯ: ಪಾಲಿಪ್ ಪೂರ್ತಿ ಹೋಯಿತೇ? ಆಮೇಲೆ ತೊಂದರೆಯಾಯಿತೇ?

ಮೊದಲ ಪ್ರಶ್ನೆ ಹಗುರವಾದುದಲ್ಲ. 5ರಿಂದ 20 ಮಿ.ಮೀ. ಪಾಲಿಪ್‌ಗಳನ್ನು ತೆಗೆದ ಬಳಿಕ ಅಂಚಿನಿಂದ ಮತ್ತೆ ಮಾದರಿ ತೆಗೆದು ನೋಡಿದ, 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶೇ. 10ರಷ್ಟು ಪಾಲಿಪ್‌ಗಳು ಪೂರ್ತಿಯಾಗಿ ಹೋಗಿರಲಿಲ್ಲ. ಚಿಮಟವನ್ನೂ ತಣ್ಣನೆಯ ಕುಣಿಕೆಯನ್ನೂ 7 ಮಿ.ಮೀ.ವರೆಗಿನ ಪಾಲಿಪ್‌ಗಳಲ್ಲಿ ಹೋಲಿಸಿದ, 2015ರಲ್ಲಿ ಪ್ರಕಟವಾದ ಕೊರಿಯಾದ ಪ್ರಯೋಗದಲ್ಲಿ, ಕುಣಿಕೆಯು ಶೇ. 96.6ರಷ್ಟನ್ನು ಪೂರ್ತಿಯಾಗಿ ತೆಗೆದರೆ ಚಿಮಟವು ಶೇ. 82.6ರಷ್ಟನ್ನು ಮಾತ್ರ ತೆಗೆಯಿತು. ಆದರೆ 4 ಮಿ.ಮೀ. ಮತ್ತು ಅದಕ್ಕಿಂತ ಸಣ್ಣವುಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಾಸಿವೆಗಿಂತ ತುಸು ದೊಡ್ಡದಾದ ಪಾಲಿಪ್ಪಿಗೆ ಚಿಮಟ ಸಾಕಾಗಬಹುದು. ಬೆಳೆದದ್ದಕ್ಕೆ ಕುಣಿಕೆಯೇ ಬೇಕು ಎಂಬುದು ಇದರ ತಾತ್ಪರ್ಯ.

ಯಾವುದು ಹೆಚ್ಚು ಸುರಕ್ಷಿತ?

ಎರಡನೆಯ ಪ್ರಶ್ನೆಗೆ ತೈವಾನ್ ದೇಶದ ಆರು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು ಉತ್ತರ ನೀಡಿದೆ. 4ರಿಂದ 10 ಮಿ.ಮೀ. ಪಾಲಿಪ್ ಇದ್ದ 4,270 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಣ್ಣನೆಯ ಕುಣಿಕೆ, ಇನ್ನೊಂದಕ್ಕೆ ಬಿಸಿ ಕುಣಿಕೆ ಬಳಸಲಾಯಿತು. ತಡವಾಗಿ ರಕ್ತಸ್ರಾವವಾದದ್ದು ತಣ್ಣನೆಯ ಗುಂಪಿನಲ್ಲಿ ಶೇ. 0.4, ಬಿಸಿಯ ಗುಂಪಿನಲ್ಲಿ ಶೇ. 1.5. ತೀವ್ರ ಸ್ವರೂಪದ ರಕ್ತಸ್ರಾವವು ಮೊದಲ ಗುಂಪಿನಲ್ಲಿ ಒಬ್ಬರಿಗೆ, ಎರಡನೆಯದರಲ್ಲಿ ಎಂಟು ಮಂದಿಗೆ ಆಯಿತು.

ಸುಟ್ಟು ಮುಚ್ಚಿದ ಗಾಯದಲ್ಲಿ ರಕ್ತ ಬರುವುದು ಹೇಗೆ ಎಂದು ಕೇಳಬಹುದು. ಶಾಖವು ಮೇಲಿನ ಪೊರೆಯಲ್ಲಿ ನಿಲ್ಲದೆ ಆಳಕ್ಕೆ ಇಳಿದು, ಅಲ್ಲಿನ ದೊಡ್ಡ ರಕ್ತನಾಳಗಳನ್ನು ಮುಟ್ಟುತ್ತದೆ. ಕೆಲವು ದಿನಗಳ ನಂತರ ಸುಟ್ಟ ಹಕ್ಕಳೆ ಕಳಚಿ ಬಿದ್ದಾಗ ಆ ನಾಳ ತೆರೆದುಕೊಳ್ಳಬಹುದು. ಅಪರೂಪಕ್ಕೆ ಶಾಖವು ಕರುಳಿನ ಗೋಡೆಯನ್ನು ದಾಟಿ ಹೊಟ್ಟೆನೋವು, ಜ್ವರ ಬರುವುದೂ ಉಂಟು. ತೀರಾ ಅಪರೂಪಕ್ಕೆ ಗೋಡೆಯಲ್ಲಿ ರಂಧ್ರವಾಗುವುದೂ ಉಂಟು. ತಣ್ಣನೆಯ ಕುಣಿಕೆಯಲ್ಲಾದರೋ ಗಾಯ ಮೇಲ್ಪದರದ್ದು. ಕತ್ತರಿಸಿದ ಕ್ಷಣದಲ್ಲಿ ರಕ್ತ ಒಸರುತ್ತದೆ, ಆದರೆ ವೈದ್ಯರ ಕಣ್ಣೆದುರಿನಲ್ಲಿಯೇ ಒಸರಿ, ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಅಲ್ಲಿಯೇ ಕ್ಲಿಪ್ ಹಾಕಬಹುದು.

ಈ ಎಲ್ಲ ಕಾರಣಗಳಿಂದ ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘವು 2017ರಲ್ಲಿಯೂ, ಅಮೆರಿಕದ ಮೂರು ತಜ್ಞ ಸಂಸ್ಥೆಗಳ ಜಂಟಿ ಕಾರ್ಯಪಡೆಯು 2020ರಲ್ಲಿಯೂ 9 ಮಿ.ಮೀ.ವರೆಗಿನ ಪಾಲಿಪ್‌ಗೆ ತಣ್ಣನೆಯ ಕುಣಿಕೆಯನ್ನೇ ಮೊದಲ ಆಯ್ಕೆಯಾಗಿ ಸೂಚಿಸಿದವು. ಎರಡು ಮೂರು ಮಿ.ಮೀ. ಗಾತ್ರದವುಗಳಿಗೆ ಚಿಮಟವನ್ನು ಒಪ್ಪುತ್ತಾರೆ. ವಿದ್ಯುತ್ ಹರಿಸುವ ಬಿಸಿ ಚಿಮಟವನ್ನು ಬಳಸದಿರುವುದೇ ಲೇಸೆಂದು ಹೇಳುತ್ತಾರೆ. ಹಾಗೆಂದು ಬಿಸಿ ಕುಣಿಕೆಯು ನಿರುಪಯೋಗಿಯಲ್ಲ. ದಪ್ಪ ತೊಟ್ಟಿನ ದೊಡ್ಡ ಪಾಲಿಪ್ಪಿನ ತೊಟ್ಟಿನೊಳಗೆ ರಕ್ತನಾಳವಿರುವುದರಿಂದ ಅಲ್ಲಿ ಅದೇ ಸೂಕ್ತ. ಕ್ಯಾನ್ಸರ್ ಶಂಕೆಯಿರುವ ಪಾಲಿಪ್‌ಗೂ ಬೇರೆ ವಿಧಾನ ಬೇಕಾಗುತ್ತದೆ. ನೋಡಿ ನಿರ್ಧರಿಸುವವರು ವೈದ್ಯರು.

ನಮ್ಮ ಭಾಗದವರಿಗೆ ಇದು ಏಕೆ ಮುಖ್ಯ?

ನಗರದಲ್ಲಿರುವವರಿಗೆ ನಡುರಾತ್ರಿ ರಕ್ತಸ್ರಾವವಾದರೆ ಆಸ್ಪತ್ರೆ ಹತ್ತಿರದಲ್ಲಿದೆ. ಮಲೆ ಮಹದೇಶ್ವರ ಬೆಟ್ಟದ ಸಾಲಿನ ಹಳ್ಳಿಗಳಲ್ಲಿಯೋ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿಯೋ ಇರುವವರಿಗೆ ಹಾಗಲ್ಲ. ಕಾಡುದಾರಿ, ಘಾಟಿ ರಸ್ತೆ ದಾಟಿ ಬರಬೇಕು. ತಡವಾದ ರಕ್ತಸ್ರಾವವು ಎರಡು ವಾರಗಳವರೆಗೂ ಬರಬಹುದಾದ್ದರಿಂದ, ನೂರಕ್ಕೆ ಒಂದೂವರೆ ಮತ್ತು ಅರ್ಧಕ್ಕೂ ಕಡಿಮೆ ಎಂಬ ಅಂತರವು ದೂರದ ಹಳ್ಳಿಯವರಿಗೆ ದೊಡ್ಡದೇ. ಬಿಸಿ ಕುಣಿಕೆ ಬಳಸಿದ್ದರೆ, ಅಥವಾ ಹಲವು ಪಾಲಿಪ್‌ಗಳನ್ನು ತೆಗೆದಿದ್ದರೆ, ಆ ಎರಡು ವಾರ ತಾಳುಬೆಟ್ಟದಿಂದ ಪಾದಯಾತ್ರೆ ಹೊರಡುವುದು, ಭಾರ ಹೊರುವುದು, ದೂರ ಪ್ರಯಾಣ ಇವುಗಳ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಶಿವರಾತ್ರಿಯ ಹಾಗೂ ದೀಪಾವಳಿಯ ಜಾತ್ರೆ ಮುಂದಿನ ವರ್ಷವೂ ಬರುತ್ತದೆ.

ಇಷ್ಟಲಿಂಗಧಾರಿಗಳಿಗೆ ಇನ್ನೊಂದು ಮಾತು. ಬಿಸಿ ಕುಣಿಕೆಯಲ್ಲಿ ವಿದ್ಯುತ್ತು ದೇಹದ ಮೂಲಕ ಹರಿದು, ತೊಡೆಗೆ ಅಂಟಿಸಿದ ಪಟ್ಟಿಯಿಂದ ಹೊರಹೋಗುತ್ತದೆ. ಚರ್ಮಕ್ಕೆ ತಾಗಿರುವ ಲೋಹದಿಂದ ಸುಟ್ಟಗಾಯವಾಗಬಾರದೆಂದು ಆಸ್ಪತ್ರೆಯವರು ಒಡವೆಗಳನ್ನು ತೆಗೆಸುತ್ತಾರೆ. ಬೆಳ್ಳಿಯ ಕರಡಿಗೆಯನ್ನೂ ತೆಗೆಯಲು ಹೇಳಬಹುದು. ಆ ಹೊತ್ತಿನಲ್ಲಿ ಗಾಬರಿಯಾಗುವುದಕ್ಕಿಂತ, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಧರಿಸಲು ಅವಕಾಶವಿದೆಯೇ ಎಂದು ಮೊದಲೇ ವೈದ್ಯರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ತಣ್ಣನೆಯ ಕುಣಿಕೆ ಮತ್ತು ಚಿಮಟಗಳಲ್ಲಿ ವಿದ್ಯುತ್ತಿನ ಪ್ರಶ್ನೆಯೇ ಇಲ್ಲ. ಆದರೂ ಒಳಹೋದ ಮೇಲೆ ಬಿಸಿ ಕುಣಿಕೆ ಬೇಕಾಗಬಹುದಾದ್ದರಿಂದ ಮುನ್ನೆಚ್ಚರಿಕೆ ಇರಲಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ತಪ್ಪದೆ ತಿಳಿಸಬೇಕು.

ಎರಡು ತಪ್ಪು ಕಲ್ಪನೆಗಳು

‘ನಾವು ಸಸ್ಯಾಹಾರಿಗಳು, ನಮಗೆ ಈ ರೋಗ ಬಾರದು’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಸಂಸ್ಕರಿಸಿದ ಮಾಂಸದಿಂದ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಸಾರಿದ್ದು ನಿಜ. ಆದರೆ ವಯಸ್ಸು, ವಂಶವಾಹಿ, ತಂಬಾಕು, ಸ್ಥೂಲಕಾಯ, ಸಕ್ಕರೆ ಕಾಯಿಲೆ ಇವೂ ಕಾರಣಗಳೇ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ಸಸ್ಯಾಹಾರದ ಬಲವನ್ನೇ ನೆಚ್ಚಿ ಕೂರುವಂತಿಲ್ಲ.

ಇನ್ನೊಂದು, ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ನಾಟಿ ಔಷಧ ಮಾಡುತ್ತಾ ವರ್ಷಗಳನ್ನು ಕಳೆಯುವುದು. ಮೂಲವ್ಯಾಧಿಯೂ ಇರಬಹುದು, ಪಾಲಿಪ್ ಅಥವಾ ಗಡ್ಡೆಯೂ ಇರಬಹುದು, ನೋಡದೆ ತಿಳಿಯದು. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿಗಿರುವಂತೆ ಕರುಳಿಗೆ ಸರ್ಕಾರದ ಸಾಮೂಹಿಕ ತಪಾಸಣೆ ನಮ್ಮ ದೇಶದಲ್ಲಿಲ್ಲ. ಆದ್ದರಿಂದ ಲಕ್ಷಣ ಕಂಡಾಗ ಹೋಗಬೇಕಾದವರು ನಾವೇ. ರಕ್ತಸ್ರಾವ, ಮಲವಿಸರ್ಜನೆಯ ರೀತಿಯಲ್ಲಿ ವಾರಗಟ್ಟಲೆ ಬದಲಾವಣೆ, ಕಾರಣವಿಲ್ಲದ ತೂಕನಷ್ಟ, ರಕ್ತಹೀನತೆ ಇವನ್ನು ಮುಚ್ಚಿಡಬಾರದು. ಹೆತ್ತವರು ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಲಕ್ಷಣವಿಲ್ಲದಿದ್ದರೂ ವೈದ್ಯರನ್ನು ಕಾಣಬೇಕು. ಸಂಕೋಚದಿಂದ ಹೇಳದೆ ಉಳಿಯುವ ತಾಯಂದಿರನ್ನು ಮನೆಯವರೇ ಮುಂದಾಗಿ ವಿಚಾರಿಸಬೇಕು.

ಹೋಗುವ ಮುನ್ನ, ಬಂದ ನಂತರ

ಕರುಳು ಶುಚಿಯಾಗಿಲ್ಲದಿದ್ದರೆ ಯಾವ ಸಾಧನವಿದ್ದರೂ ವ್ಯರ್ಥ. ಸಣ್ಣ ಪಾಲಿಪ್ ಕಾಣುವುದೇ ಇಲ್ಲ. ಪರೀಕ್ಷೆಗೆ ಮುಂಚಿನ ಒಂದೆರಡು ದಿನ ರಾಗಿಮುದ್ದೆ, ಸೊಪ್ಪು, ಕಾಳುಗಳನ್ನು ಬಿಟ್ಟು, ವೈದ್ಯರು ಹೇಳಿದಂತೆ ಅನ್ನ, ಇಡ್ಲಿಯಂಥ ಹಗುರ ಆಹಾರ ಸೇವಿಸಿ, ಕೊಟ್ಟ ಭೇದಿಯ ದ್ರಾವಣವನ್ನು ಪೂರ್ತಿ ಕುಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ, ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ಹೃದಯದ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಬರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎಷ್ಟು ಪಾಲಿಪ್, ಯಾವ ಗಾತ್ರ? ಯಾವ ಸಾಧನದಿಂದ ತೆಗೆದಿರಿ? ಪೂರ್ತಿ ಹೋಯಿತೇ? ಪ್ರಯೋಗಾಲಯದ ವರದಿ ಎಂದು ಬರುತ್ತದೆ? ಆ ವರದಿಯ ಮೇಲೆಯೇ ಮುಂದಿನ ಪರೀಕ್ಷೆಯ ಅವಧಿ ನಿಂತಿದೆ. ಅಮೆರಿಕದ ಕಾರ್ಯಪಡೆಯ ಪ್ರಕಾರ ಒಂದೆರಡು ಸಣ್ಣ ಅಡಿನೋಮಾ ಮಾತ್ರ ಇದ್ದು ಪೂರ್ತಿ ತೆಗೆದಿದ್ದರೆ 7ರಿಂದ 10 ವರ್ಷ; ಸಂಖ್ಯೆ ಅಥವಾ ಗಾತ್ರ ಹೆಚ್ಚಿದ್ದರೆ ಅದಕ್ಕೂ ಮೊದಲೇ. ಮನೆಗೆ ಬಂದ ಮೇಲೆ ಗಟ್ಟಿಗಟ್ಟಿಯಾದ ರಕ್ತ, ಬಿಡದ ಹೊಟ್ಟೆನೋವು, ಜ್ವರ, ತಲೆಸುತ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ವರದಿಯನ್ನು ಜೊತೆಗೊಯ್ಯಬೇಕು.

ಕಾಯಕ, ದಾಸೋಹಗಳೆರಡಕ್ಕೂ ಶರೀರವೇ ಆಧಾರ. ಅದರ ಕಾಳಜಿಯನ್ನು ಸ್ವಾರ್ಥವೆಂದು ಯಾರೂ ಭಾವಿಸಬೇಕಾಗಿಲ್ಲ. ಈ ಲೇಖನವನ್ನು ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ ಎಂಬುದು ನಮ್ಮ ಕೋರಿಕೆ.